ಅಮ್ಮನ ಕೈಬಲ

ಕೈಹಿಡಿತ ಅಳೆಯುವ ಯಂತ್ರವನ್ನು ಅಮ್ಮ ಒತ್ತಿದಾಗ ಮುಳ್ಳು ಹದಿನಾರು ಕಿಲೋದಲ್ಲೇ ನಿಂತಿತು. ಹೆಂಗಸರಿಗೆ ಹದಿನೆಂಟಕ್ಕಿಂತ ಕಡಿಮೆ ಬಂದರೆ ಸ್ನಾಯು ಸೊರಗುತ್ತಿರಬಹುದು ಎಂದರ್ಥ. ನಾನು "ಆಯ್ತಮ್ಮ" ಎಂದಷ್ಟೇ ಅಂದೆ. ಬ್ಯಾಂಕಿನ ಕೆಲಸಕ್ಕೆ ಹೊತ್ತಾಯಿತೆಂದು ಅವಳು ಓಡಿದಳು.

ನಡುವಯಸ್ಸಿನವರ ನಡಿಗೆ, ಕೂತೇಳುವ ಶಕ್ತಿ, ಕೈಹಿಡಿತ ಅಳೆದು, ಮುಂದೆ ಎಷ್ಟು ಗಟ್ಟಿಯಾಗಿ ಬಾಳಿಯಾರು ಎಂದು ಅಂದಾಜಿಸುವ ತಮಿಳು ನಾಡಿನ ಅಡ್ಯಾರಿನ ಅಧ್ಯಯನ ಕೇಂದ್ರವೊಂದರಲ್ಲಿ ನನಗೆ ಕೆಲಸ. ಜನ ಸಾಲದೆಂದು ಅಮ್ಮನನ್ನೂ ಕರೆತಂದಿದ್ದೆ. ಯಾಕಾದರೂ ಕರೆತಂದೆನೋ! ಅವಳಿಗಿನ್ನೂ ಐವತ್ತೆರಡು. ಮನೆಯಲ್ಲಿ ಅವಳು ಬಟ್ಟೆ ಹಿಂಡುವುದನ್ನು, ಬಸ್ಸಿನಲ್ಲಿ ಕಂಬಿ ಹಿಡಿಯುವುದನ್ನು ಕದ್ದು ನೋಡತೊಡಗಿದೆ.

"ಏನೇ ಹಾಗ್ ನೋಡ್ತೀಯ? ನನ್ ಕೈಯಲ್ಲೇನು ಸಿನಿಮಾ ಓಡ್ತಿದ್ಯಾ?"

"ಬಳೆ ನೋಡ್ತಿದ್ದೆ" ಎಂದು ಬಟ್ಟೆ ಒಣಹಾಕಲು ಹೋದೆ.

ಮುಂದಿನ ವಾರ ಮಾಧವಿ ಮೇಡಂ ಕರೆದರು. ಕೇಂದ್ರದ ಮುಖ್ಯಸ್ಥೆ, ಮಂಡ್ಯದ ಕಡೆಯವರು.

"ದೀಕ್ಷಿತಾ, ನೀನು ಅಳೆದೋರೆಲ್ಲ ಯಾಕಮ್ಮ ಇಷ್ಟು ವೀಕು? ಪಕ್ಕದ ರೂಮಲ್ಲಿ ಪ್ರಮೋದ್ ಅಳೆದೋರು ಗಟ್ಟಿಯಾಗೇ ಅವ್ರಲ್ಲ. ಒತ್ತೋವಾಗ ಕೂಗ್ತೀಯ ತಾನೆ?"

ಕೂಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಜೋರಾಗಿ ಹುರಿದುಂಬಿಸಿದರೇ ಜನ ಪೂರ್ತಿ ಬಲ ಹಾಕುವುದು ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಅಪ್ಪನ ವಯಸ್ಸಿನವರ ಮುಂದೆ ಕೂಗುವುದು ಹೇಗೆ? "ಪ್ಲೀಸ್ ಸಾರ್" ಎಂದು ಪಿಸುಗುಟ್ಟುತ್ತಿದ್ದೆ. ಅವರೂ ಯಂತ್ರ ಮುರಿದೀತೆಂಬಂತೆ ಮೆಲ್ಲಗೆ ಒತ್ತುತ್ತಿದ್ದರು.

"ಎಲ್ಲರನ್ನೂ ವಾಪಸ್ ಕರ್ಸು. ಈ ಸಲ ಮೀನು ಮಾರ್ಕೆಟ್ಟಲ್ಲಿ ನಿಂತಂಗಿರ್ಬೇಕು!"

ಅವಮಾನಕ್ಕಿಂತ ಮೊದಲು ಬಂದದ್ದು ಆಸೆ. ಹಾಗಾದರೆ ಅಮ್ಮನ ಹದಿನಾರೂ ಸುಳ್ಳಿರಬಹುದು!

ಮೊದಲು ಬಂದವರು ರೈಲ್ವೆ ಗುಮಾಸ್ತ ಶಂಕರನಾರಾಯಣ. ಬಿಡಬೇಡಿ ಎಂದು ತಮಿಳಿನಲ್ಲಿ, ಕಣ್ಣು ಮುಚ್ಚಿಕೊಂಡು, "ವಿಡಾದೀಂಗ ಸಾರ್, ವಿಡಾದೀಂಗ!" ಎಂದು ಕಿರುಚಿದೆ. ಅವರು ಬೆಚ್ಚಿಬಿದ್ದು ಒತ್ತಿದರು. ಇಪ್ಪತ್ತಾರು ಇದ್ದದ್ದು ಮೂವತ್ತೈದಾಯಿತು. ಹೆಂಡತಿ ಇಲ್ಲಿಗೂ ಬಂದುಬಿಟ್ಟಳೇನೋ ಅಂದುಕೊಂಡೆ ಎಂದು ನಕ್ಕರು. ಆಮೇಲೆ ಬಂದವರೆಲ್ಲರದೂ ಏರಿತು. ಅಮ್ಮನ ಸರದಿ ಬೇಗ ಬರಲಿ ಎಂದು ಚಡಪಡಿಸಿದೆ.

ಶನಿವಾರ ಅವಳು ಬಂದು ಕುರ್ಚಿಯಲ್ಲಿ ಕೂತಳು.

"ಒತ್ತಮ್ಮ! ಇನ್ನೂ! ಇನ್ನೂ! ಬಿಡಬೇಡ!"

ನನ್ನ ದನಿಗೆ ಪ್ರಮೋದ್ ಬಾಗಿಲಲ್ಲಿ ಇಣುಕಿದ. ಅಮ್ಮ ತುಟಿ ಕಚ್ಚಿದಳು. ಕುತ್ತಿಗೆಯ ನರ ಉಬ್ಬಿತು, ಬಳೆಗಳು ನಡುಗಿದವು. ಮುಳ್ಳು ಹದಿನೇಳಕ್ಕೆ ಹೋಗಿ ನಿಂತಿತು. ಇನ್ನೊಮ್ಮೆ ಒತ್ತಿಸಿದೆ, ಎಡಗೈಯಲ್ಲೂ. ಅದಕ್ಕಿಂತ ಮೇಲೇರಲಿಲ್ಲ.

"ಗಂಟಲು ಹರ್ಕೋಬೇಡ ಕಣೇ. ಪಾಸಾದ್ನಾ?"

ಚೆನ್ನಾಗಿದೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲಮ್ಮ. ಕಡಿಮೆ ಇದೆ. ಹೋದ್ಸಲಾನೂ ಕಡಿಮೆ ಇತ್ತು."

ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. "ನಂಗೂ ಅನ್ನಿಸ್ತಿತ್ತು. ಕೌಂಟರಲ್ಲಿ ನೋಟಿನ ಕಟ್ಟು ಎತ್ತೋಕೂ ಎರಡು ಕೈ ಬೇಕಾಗ್ತಿದೆ. ವಯಸ್ಸಾಯ್ತಲ್ಲ, ಇರತ್ತೆ ಅಂತ ಸುಮ್ನಿದ್ದೆ."

"ಯಾವಾಗಿಂದ?"

"ದೀಪಾವಳಿಯಿಂದ."

"ಹೇಳ್ಲೇ ಇಲ್ವಲ್ಲಮ್ಮ!"

"ನೀನು ಮಾತ್ರ ಹೇಳ್ಬಿಟ್ಯಾ?"

ಮಾಧವಿ ಮೇಡಂ ತಮ್ಮ ಕೋಣೆಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಬೇರೆ ದಿನವಾದರೆ ಅವರು ತಲೆಯೆತ್ತಿ ಕರೆಯುವ ತನಕ ಬಾಗಿಲಲ್ಲೇ ನಿಲ್ಲುವವಳು ನಾನು. ಮುಂದೇನು ಮಾಡಬೇಕೆಂದು ಕೇಳಲು ಅಮ್ಮನ ಮಣಿಕಟ್ಟು ಹಿಡಿದುಕೊಂಡು ನೇರವಾಗಿ ಒಳಗೆ ನಡೆದೆ.