ಓದದೆಯೇ ‘ಇಲ್ಲ’ ಎಂದ ಯಂತ್ರ

ಕಾರ್ಮಿಕರ ಆಸ್ಪತ್ರೆಯ ದಾಖಲೆ ಕೋಣೆಗೆ ಆ ಹೆಂಗಸು ಬಂದದ್ದು ಅದು ಮೂರನೆಯ ಸಲ. ಗಂಡನಿಗೆ ಉಸಿರು ಎಳೆಯಲಾಗುತ್ತಿಲ್ಲ. ಕಲ್ನಾರು ಶೀಟಿನ ಕಾರ್ಖಾನೆಯಲ್ಲಿ ದುಡಿದದ್ದಕ್ಕೆ ಪುರಾವೆ ಸಿಕ್ಕರೆ ಮಾತ್ರ ಇಲ್ಲಿ ಹಾಸಿಗೆ. ಹೆಸರು ಹುಡುಕುವ ತಂತ್ರಾಂಶ ಮೂರು ಸಲವೂ ‘ಇಲ್ಲ’ ಎಂದಿತ್ತು.

“ಕಂಪ್ಯೂಟರ್ ಸುಳ್ಳು ಹೇಳುತ್ತೇನಮ್ಮ?” ಎಂದ ಗುಮಾಸ್ತ.

“ಅದು ಹೇಳಲ್ಲಣ್ಣ, ಹೇಳಿಸ್ತಾರೆ. ಇಪ್ಪತ್ತೆರಡು ವರ್ಷ ಅವರ ಅಂಗಿ ಒಗ್ದಿದೀನಿ. ಬಕೆಟ್ ತಳದಲ್ಲಿ ಕೂರ್ತಿದ್ದ ಕೆಸರು ತಂದು ಸುರೀಲಾ ನಿನ್ ಮೇಜಿನ ಮೇಲೆ?”

ಆ ತಂತ್ರಾಂಶವನ್ನು ನೋಡಿಕೊಳ್ಳುವವಳು ನಾನೇ. ಕಾರ್ಖಾನೆಯ ಹಾಜರಿ ಕಡತವನ್ನು ಪರದೆಯ ಮೇಲೆ ತೆರೆದು ಕಣ್ಣಲ್ಲೇ ಓದುತ್ತ ಇಳಿದೆ. ಸಾವಿರ ಸಾಲು ದಾಟಿದ ಮೇಲೆ ಆತನ ಹೆಸರು ಕಲ್ಲಿನಂತೆ ಕೂತಿತ್ತು.

ಕಡತವನ್ನು ಎರಡು ತುಂಡು ಮಾಡಿ ಹುಡುಕಿಸಿದೆ. ಕೆಳಗಿನ ತುಂಡಿನಲ್ಲಿ ಹೆಸರು ತಕ್ಷಣ ಸಿಕ್ಕಿತು. ಹಾಗಾದರೆ ಕೇಡು ಮೇಲಿನದರಲ್ಲಿದೆ. ಅದನ್ನೂ ಕತ್ತರಿಸುತ್ತ ಹೋಗಿ ನಲವತ್ತನೆಯ ಸಾಲಿನಲ್ಲಿ ನಿಂತೆ. ಹಳೆಯ ಅಕ್ಷರ ಸಂಕೇತದಿಂದ ಹೊಸದಕ್ಕೆ ಬದಲಿಸುವಾಗ ಅಲ್ಲೊಂದು ಬೈಟು ಹಳತಾಗಿಯೇ ಉಳಿದಿತ್ತು. ಅದು ಅರ್ಥವಾಗದ ಯಂತ್ರ ಕಡತವನ್ನು ಅಲ್ಲಿಗೇ ಕೈಬಿಡುತ್ತಿತ್ತು.

ಆದರೆ ‘ಓದಲಾಗಲಿಲ್ಲ’ ಎಂಬ ಎಚ್ಚರಿಕೆ ಬರಬೇಕಿತ್ತಲ್ಲ? ಕೋಡ್ ತೆರೆದರೆ ಎಚ್ಚರಿಕೆ ಕೊಡುವ ಸಾಲನ್ನು ನನಗಿಂತ ಮೊದಲಿದ್ದವರು ಯಾರೋ ಅಳಿಸಿದ್ದರು. ಪಕ್ಕದಲ್ಲಿ ಟಿಪ್ಪಣಿ: ಮೇಲಧಿಕಾರಿಗಳ ಸೂಚನೆಯಂತೆ.

ಮೇಲಧಿಕಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. “ಹೂಂ, ನಾನೇ ತೆಗೆಸಿದ್ದು. ಆ ಕೆಂಪು ಅಕ್ಷರದ ಎಚ್ಚರಿಕೆಗಳನ್ನ ತಪಾಸಣೆಯವರು ಎಣಿಸ್ತಿದ್ರು. ಇಲಾಖೆ ಮಾನ ಹೋಗ್ತಿತ್ತು.”

“ಓದಕ್ಕೇ ಆಗಿಲ್ಲ ಅನ್ನೋ ಕಡೆ ‘ಇಲ್ಲ’ ಅಂತ ತೋರಿಸಿದ್ರಾ ಸಾರ್?”

“ಎರಡೂ ಒಂದೇ ಅಲ್ವೇನಮ್ಮ? ಈಕೆದು ಕೊಟ್ಟು ಕಳಿಸು. ಉಳಿದಿದ್ದು ಕೆದಕಬೇಡ.” ನೆನೆದ ತುಂಡು ಕಪ್ಪಿನೊಳಗೆ ಬಿತ್ತು. ಬೆರಳಿಟ್ಟು ತೆಗೆದು ನುಂಗಿದ.

ಹಾಜರಿ ಕಡತದ ಪ್ರತಿ ಕೈಗೆ ಬಂದದ್ದೇ ಹೆಂಗಸು ವಾರ್ಡಿನತ್ತ ಓಡಿದಳು. ಮಧ್ಯಾಹ್ನದೊಳಗೆ ಆತನಿಗೆ ಹಾಸಿಗೆಯಾಯಿತು, ಮೂಗಿಗೆ ಆಮ್ಲಜನಕದ ನಳಿಕೆಯೂ.

ನಾನು ಕೆದಕಿದೆ. ಎರಡು ವರ್ಷದಲ್ಲಿ ‘ಇಲ್ಲ’ ಎನಿಸಿಕೊಂಡವರು ಮುನ್ನೂರ ಹದಿನಾರು ಮಂದಿ. ಆ ಬೈಟನ್ನು ಸರಿಪಡಿಸಿ ಎಲ್ಲರನ್ನೂ ಮತ್ತೆ ಹುಡುಕಿಸಿದೆ. ಇನ್ನೂರ ತೊಂಬತ್ತು ಮಂದಿ ಇದ್ದರು, ಮೊದಲಿನಿಂದಲೂ ಅಲ್ಲೇ ಇದ್ದರು. ಅವರ ಪಟ್ಟಿ ಮುದ್ರಿಸಿ ಹೊರಗೋಡೆಗೆ ಅಂಟಿಸಲು ಹೋದೆ. ಹಿಂದೆಯೇ ಗುಮಾಸ್ತ ಬಂದ.

“ಗೋಂದು ಹಾಕಿದ್ರೆ ಕಿತ್ತು ಬಿಸಾಕ್ತಾನೆ ಆ ಪುಣ್ಯಾತ್ಮ,” ಎಂದವನು ಮೊಳೆ ಹೊಡೆಯತೊಡಗಿದ.

ಸದ್ದಿಗೆ ಮೇಲಧಿಕಾರಿ ಹೊರಬಂದ. ಅಷ್ಟರಲ್ಲಿ ಬೆಂಚಿನಲ್ಲಿದ್ದವರೆಲ್ಲ ಪಟ್ಟಿಯ ಮುಂದೆ ನೆರೆದಿದ್ದರು. ಅವನಿಗೆ ಗೋಡೆ ಮುಟ್ಟಲು ದಾರಿಯಿರಲಿಲ್ಲ.