ನೆಲಕ್ಕೆ ಕೂತೆದ್ದ ಅನ್ನಪೂರ್ಣಮ್ಮ

ನರ್ಸ್ ದುರುಗಕ್ಕ ಬೀದಿಗೆ ಬಂದರೆ ತ್ಯಾವಣಿಗೆಯ ಹೆಂಗಸರೆಲ್ಲ ಕಟ್ಟೆಗೆ ಬಂದು ಕೂರುತ್ತಿದ್ದರು. ಅನ್ನಪೂರ್ಣಮ್ಮ ಮಾತ್ರ ಹಿತ್ತಲಿಗೆ ಓಡುತ್ತಿದ್ದರು. ಓಡುತ್ತಿದ್ದರು ಎಂದರೆ ಸುಳ್ಳಾದೀತು, ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ಮಂಡಿನೋವು ಅಷ್ಟಿತ್ತು.

ತಪ್ಪಿಸಿಕೊಳ್ಳುವುದಕ್ಕೆ ಕಾರಣ ನಾಚಿಕೆ. ತೂಕ ಇಳಿಸಿದರೆ ಮಂಡಿಗೆ ಆರಾಮ ಸಿಗುತ್ತದೆ ಎಂದು ಹಿಂದಿನ ವರ್ಷ ಚನ್ನಗಿರಿಯ ಡಾಕ್ಟರು ಹೇಳಿದ್ದರು. ಅನ್ನಪೂರ್ಣಮ್ಮ ಶ್ರಾವಣ ಪೂರ್ತಿ ಒಪ್ಪತ್ತು ಮಾಡಿ, ಮಜ್ಜಿಗೆ ಕುಡಿದು ಕಾಲ ಹಾಕಿ, ಸೊರಗಿ ತೋರಿಸಿದ್ದರು. ಊರೇ ಹೊಗಳಿತ್ತು. ಆಮೇಲೆ ದಸರಾ ಬಂತು, ದೀಪಾವಳಿ ಬಂತು, ಮದುವೆಗಳು ಬಂದವು. ಇಳಿದ ಮೈಯೂ ಬಂತು, ಬರುವಾಗ ಇನ್ನಷ್ಟನ್ನು ಜೊತೆಗೆ ಕರೆದುಕೊಂಡು ಬಂತು.

ಅಷ್ಟರಲ್ಲಿ ಹೊನ್ನಾಳಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿಯಾದಳು. ಸುದ್ದಿ ತಂದ ಬೀಗಿತಿ ಕೊಟ್ರಮ್ಮ, ಅನ್ನಪೂರ್ಣಮ್ಮ ಮಂಚದ ಮೇಲೆ ಕೂತು ಊಟ ಮಾಡುವುದನ್ನು ನೋಡಿದರು.

“ಬೇಜಾರು ಮಾಡ್ಕೋಬೇಡ್ರಿ ಬೀಗಿತಿಯೋರೆ. ನಿಮಗೆ ನೆಲಕ್ಕೆ ಕೂರಾಕೇ ಆಗಲ್ಲ. ಕೂಸನ್ನ ಕಾಲ ಮೇಲೆ ಹಾಕ್ಕಂಡು ನೀರು ಎರೆಯೋರು ಯಾರು? ಬಾಣಂತನ ನಮ್ಮಲ್ಲೇ ಆಗಲಿ ಬಿಡ್ರಿ.”

ಚೊಚ್ಚಲ ಬಾಣಂತನ ತವರಿನ ಹಕ್ಕು. ಅದು ಕೈಬಿಟ್ಟು ಹೋಗುತ್ತಿತ್ತು. ಕೊಟ್ರಮ್ಮನ ಮಾತಿನಲ್ಲಿ ತಪ್ಪೂ ಇರಲಿಲ್ಲ, ಅದಕ್ಕೇ ಅನ್ನಪೂರ್ಣಮ್ಮನಿಗೆ ಅಷ್ಟು ಅಳು ಬಂತು.

ದುರುಗಕ್ಕ ಜಗಳೂರು ಕಡೆಯ ಹೆಂಗಸು. ಮುಂಬಾಗಿಲು ಮುಚ್ಚಿದರೆ ಹಿಂಬಾಗಿಲಿಂದ ಬರುವ ಪೈಕಿ. ಒಂದು ಬೆಳಿಗ್ಗೆ ಹಾಗೇ ಬಂದು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತರು.

“ನನ್ನ ಕಂಡು ಯಾಕ್ರಿ ತಪ್ಪಿಸ್ಕಂತೀರಿ? ಇವತ್ತು ಸೂಜಿ ತಂದಿಲ್ಲ.”

“ಏನಂತ ಮುಖ ತೋರಿಸ್ಲಿ ದುರುಗಕ್ಕ? ಇಳಿಸಿದ್ದೆಲ್ಲ ವಾಪಸ್ ಬಂತು. ನನ್ನ ಮೈಯೇ ಹಿಂಗೈತೆ. ಇನ್ನ ಆಗಲ್ಲ ಬಿಡ್ರಿ.”

“ನಡೆಯೋರು ಎಡವದೆ ಕುಂತೋರು ಎಡವ್ತಾರಾ? ತೂಕ ವಾಪಸ್ ಬಂದಿದ್ದು ಪಾಪ ಅಲ್ಲ. ಹೊಟ್ಟೆ ಕಟ್ಟಿ ಇಳಿಸಿದ್ರಿ, ಹಸಿದ ಹೊಟ್ಟೆ ಹಬ್ಬ ಕಂಡ್ರೆ ಸುಮ್ನಿರ್ತೈತಾ? ಈ ಸಾರಿ ಉಪವಾಸ ಬೇಡ. ಉಣ್ಣಾಕೆ ಕಲೀರಿ.”

“ಈ ವಯಸ್ನಾಗೆ ಉಣ್ಣಾಕೆ ಕಲೀಬೇಕಾ?” ಅನ್ನಪೂರ್ಣಮ್ಮ ಬಹಳ ದಿನದ ಮೇಲೆ ನಕ್ಕರು.

“ನಿನ್ನೆ ಮಧ್ಯಾಹ್ನ ಏನುಂಡ್ರಿ, ಹೇಳ್ರಿ.”

“ಒಂದು ತಟ್ಟೆ ಅನ್ನ, ಸಾರು.”

“ಆಮೇಲೆ?”

ಅನ್ನಪೂರ್ಣಮ್ಮ ಸೆರಗು ಸರಿಮಾಡಿಕೊಂಡರು. “ಎಲ್ಲರದೂ ಆದ ಮೇಲೆ ಪಾತ್ರೇಲಿ ಇಷ್ಟು ಅನ್ನ ಉಳಿದಿತ್ತು. ಪ್ರಸಾದ ಕೆಡಿಸಬಾರದಲ್ಲ, ಅದನ್ನೂ ಉಂಡೆ. ರಾತ್ರಿನೂ ಹಂಗೇ ಆತು.”

ಉಣ್ಣುವ ಅನ್ನವೇ ಪ್ರಸಾದವೆಂದು, ಊಟವಾದ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರಿದ್ದ ಮನೆ ಅದು. ಅಲ್ಲಿ ಪ್ರಸಾದದ ಮಾತನ್ನು ಹಗುರವಾಗಿ ಆಡುವಂತಿಲ್ಲ. ದುರುಗಕ್ಕನೂ ಆಡಲಿಲ್ಲ.

“ಪ್ರಸಾದ ಕೆಡಿಸಬಾರದು, ಖರೆ. ಹಂಗಂತ ನಿಮ್ಮ ಹೊಟ್ಟೆನ ಇನ್ನೊಂದು ಪಾತ್ರೆ ಮಾಡ್ಕೋಬೇಡ್ರಿ. ಎಸರಿಗೆ ಹಾಕೋವಾಗ್ಲೇ ಅಕ್ಕಿ ಕಮ್ಮಿ ಹಾಕ್ರಿ. ಕಡೆಗೆ ಒಬ್ಬರೇ ಕೂರಬೇಡ್ರಿ, ಎಲ್ಲರ ಜೊತೆ ಉಣ್ರಿ. ತಟ್ಟೆ ತುಂಬ ಸೊಪ್ಪಿನ ಪಲ್ಯ, ಕಾಳು ಇರಲಿ. ಒಂದು ಜೋಳದ ರೊಟ್ಟಿ, ಕಡೆಗೆ ಒಂದು ಹಿಡಿ ಅನ್ನ. ಸಂಜೆ ಮಂಡಿ ತಡೆಯೋವಷ್ಟು ನಾಲೆ ಏರಿಯ ಮೇಲೆ ನಡೀರಿ.”

ಪಡಸಾಲೆಯಲ್ಲಿದ್ದ ಗಂಡ ಕಲ್ಲೇಶಪ್ಪ ಟ್ರಾನ್ಸಿಸ್ಟರ್ ಸಣ್ಣ ಮಾಡಿ ಅಲ್ಲಿಂದಲೇ ಕೇಳಿದರು. “ನಾಲೆ ನೀರು ಬಂದು ಮನೆ ತುಂಬ ಭತ್ತ ಐತೆ. ಈಗಲೂ ಬಡವರಂಗೆ ರೊಟ್ಟಿ ತಿಂದ್ರೆ ಬಂದ ನೆಂಟರು ಏನಂತಾರೆ ದುರುಗಕ್ಕ?”

“ನೆಂಟರು ಬಂದು ನಿಮ್ಮ ಮನೆಯೋರ ಮಂಡಿ ಒತ್ತಾರೇನ್ರಿ?”

ಕಲ್ಲೇಶಪ್ಪ ಟ್ರಾನ್ಸಿಸ್ಟರ್ ಮತ್ತೆ ದೊಡ್ಡದು ಮಾಡಿದರು.

ಅನ್ನಪೂರ್ಣಮ್ಮ ಶುರು ಮಾಡಿದರು. ಅನ್ನ ಉಳಿಯುವುದು ನಿಂತಿತು, ಉಳಿದದ್ದನ್ನು ಉಣ್ಣುವುದೂ ನಿಂತಿತು. ಎಲ್ಲವೂ ಸಲೀಸಾಗಿ ನಡೆಯಿತು ಎಂದು ಹೇಳಿದರೆ ನೀವು ನಂಬಲಾರಿರಿ, ನಂಬಲೂಬೇಡಿ. ಬಸವಾಪಟ್ಟಣದ ಒಂದು ಗೃಹಪ್ರವೇಶದಲ್ಲಿ ಹೋಳಿಗೆ ತುಪ್ಪದ ಮುಂದೆ ಸಂಯಮವೆಲ್ಲ ಕರಗಿಹೋಯಿತು. ಮರುದಿನ ಅವರು ಮುಖ ಸಪ್ಪಗೆ ಮಾಡಿಕೊಂಡು, “ಇವತ್ತು ನನಗೆ ಊಟ ಬೇಡ” ಎಂದರು.

ಆಗ ಎದ್ದು ಬಂದವರು ಕಲ್ಲೇಶಪ್ಪ. ತಾವೇ ತಟ್ಟೆ ಇಟ್ಟು ರೊಟ್ಟಿ, ಪಲ್ಯ ಹಾಕಿದರು.

“ಉಪವಾಸ ಬೇಡ ಅಂತ ದುರುಗಕ್ಕ ಹೇಳಿಲ್ವಾ? ನಿನ್ನೇದು ನಿನ್ನೇಗೆ ಮುಗೀತು. ಬಾ, ರೊಟ್ಟಿ ಆರ್ತೈತೆ.”

ಹೆಂಡತಿಯ ಕಣ್ಣು ತುಂಬಿತು. ಅಂದಿನಿಂದ ಆ ಮನೆಯಲ್ಲಿ ಇಬ್ಬರ ತಟ್ಟೆಗೂ ರೊಟ್ಟಿ ಬಂತು, ನಾಲೆ ಏರಿಯ ಮೇಲೆ ಇಬ್ಬರೂ ನಡೆದರು.

ಮಗಳಿಗೆ ಏಳು ತಿಂಗಳು ತುಂಬಿದಾಗ ಹೊನ್ನಾಳಿಯಲ್ಲಿ ಕುಬುಸ, ಅಂದರೆ ಸೀಮಂತ. ಊಟಕ್ಕೆ ಪಂಕ್ತಿ ಹಾಕಿದಾಗ ಕೊಟ್ರಮ್ಮ ಬೀಗಿತಿಗೆಂದು ಕುರ್ಚಿ ತರಿಸಿದರು. ಅನ್ನಪೂರ್ಣಮ್ಮ ಅದನ್ನು ದಾಟಿ ಹೋಗಿ ಎಲ್ಲರ ಸಾಲಿನಲ್ಲಿ ಚಾಪೆಯ ಮೇಲೆ ಕೂತರು. ಒಂದು ಹೋಳಿಗೆಯನ್ನು ಸಂತೋಷವಾಗಿ ತಿಂದರು. ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

“ಬಾಳ ರುಚಿಯಾಗೈತೆ ಬೀಗಿತಿಯೋರೆ, ಸಾಕು. ಹಾಕಿದ್ರೆ ನಾನು ಕೆಡಿಸೋಹಂಗಿಲ್ಲ.”

ಊಟ ಮುಗಿಯಿತು. ಗೋಡೆ ಹಿಡಿಯಲಿಲ್ಲ, ಯಾರ ಭುಜವನ್ನೂ ಹಿಡಿಯಲಿಲ್ಲ, ಅನ್ನಪೂರ್ಣಮ್ಮ ಎದ್ದು ನಿಂತರು. ಬಳುಕುವ ಬಳ್ಳಿಯೇನೂ ಆಗಿರಲಿಲ್ಲ, ಆದರೆ ಮಂಡಿ ಅವರ ಮಾತು ಕೇಳುತ್ತಿತ್ತು. ಮಗಳ ಮುಖ ಅರಳಿದ್ದನ್ನು ಪಂಕ್ತಿಯವರೆಲ್ಲ ನೋಡಿದರು.

ಕೊಟ್ರಮ್ಮ ಬಂದು ಬೀಗಿತಿಯ ಕೈ ಹಿಡಿದರು. “ಕರ್ಕಂಡು ಹೋಗ್ರಿ ನಿಮ್ಮ ಮಗಳನ್ನ. ಹೋಗೋ ಮುಂಚೆ, ಅದು ಹೆಂಗೆ ಮಾಡಿದ್ರಿ ಅಂತ ನನಗೂ ಒಂಚೂರು ಹೇಳ್ರಿ.”

ತಾಯಂದಿರೇ, ಅಕ್ಕತಂಗಿಯರೇ, ಆ ಕೂಸು ಹುಟ್ಟಿದ್ದು ತ್ಯಾವಣಿಗೆಯಲ್ಲಿ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಅದಕ್ಕೆ ದಿನವೂ ಎರೆದದ್ದು ಅಜ್ಜಿಯೇ. ನಿಮಗೂ ಇಳಿದ ತೂಕ ಮತ್ತೆ ಬಂದಿದೆಯೇ? ನಾಚಿಕೆ ಬೇಡ, ಉಪವಾಸ ಬೇಡ, ಸೋಮವಾರ ಬರಲಿ ಎಂದು ಕಾಯುವುದೂ ಬೇಡ. ಅಕ್ಕಿ ಅಳೆಯುವಾಗ ಕೈ ಬಿಗಿ ಹಿಡಿದು ಅಳೆಯಿರಿ, ತಟ್ಟೆಯಲ್ಲಿ ಸೊಪ್ಪಿಗೂ ಕಾಳಿಗೂ ಜಾಗ ಕೊಡಿ, ನೋವಿದ್ದರೆ ಡಾಕ್ಟರನ್ನು ಕೇಳಿ. ಎಡವಿದರೆ ಮುಂದಿನ ಊಟದಿಂದಲೇ ಮತ್ತೆ ಶುರು ಮಾಡಿ. ನಿಮ್ಮ ಮಡಿಲಿಗಾಗಿ ಕಾದಿರುವ ಕೂಸು ನಿಮ್ಮ ಮನೆಯಲ್ಲೂ ಇದ್ದೀತು.