ನಾಲ್ಕನೆಯ ಬೊಟ್ಟು

ಖಂಡೇನವಮಿ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದಲ್ಲಿರುವ ನಮ್ಮವರ ಮನೆಗಳಲ್ಲೂ ಅದೇ ಪ್ರಶ್ನೆ: ಯಾವುದನ್ನೆಲ್ಲ ಪೂಜೆಗಿಡುವುದು? ಕಾರಿನ ಕೀಲಿ, ಲ್ಯಾಪ್‌ಟಾಪು, ಅಡುಗೆಮನೆಯ ಚಾಕು. ಆಕಾಶನ ಮನೆಯಲ್ಲಿ ಈ ವರ್ಷ ಇನ್ನೊಂದು ವಸ್ತು ಸೇರಿತ್ತು. ಬೀದಿಯಲ್ಲಿ ಎರಡು ಮನೆಗಳಲ್ಲಿ ಕಳವಾದ ಮೇಲೆ ಅವನು ಕಾನೂನು ಪ್ರಕಾರವೇ ಒಂದು ಪಿಸ್ತೂಲು ಕೊಂಡಿದ್ದ. ಇಷ್ಟು ದಿನ ಅದು ಲಾಕರಿನಲ್ಲಿತ್ತು. ಇವತ್ತು ದೇವರ ಮುಂದಿನ ಗಿಡ್ಡ ಮಣೆಯ ಮೇಲೆ, ಹಿತ್ತಾಳೆ ತಟ್ಟೆಯಲ್ಲಿತ್ತು.

ಹುಬ್ಬಳ್ಳಿಯಿಂದ ಬಂದಿದ್ದ ಅವನ ತಾಯಿ ದಾನವ್ವ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದರು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವ ತನಕ ಕದಲಿಸಬಾರದು. ಅದು ಅವರ ಮನೆಯ ಪದ್ಧತಿ.

ಮಧ್ಯಾಹ್ನ ಪಕ್ಕದ ಮನೆಯ ರಂಜನಿ ಕೋಸಂಬರಿ ಡಬ್ಬಿ ಹಿಡಿದು ಬಂದಳು. ಮೈಸೂರಿನವಳು, ಹೇವರ್ಡಿನ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ. ತಟ್ಟೆ ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಆಕಾಶ್, ಇದು ನಿಜವಾದ್ದಾ?"

"ಮತ್ತ? ಪ್ಲಾಸ್ಟಿಕ್ಕಿಗೆ ಯಾರರೆ ಪೂಜಿ ಮಾಡ್ತಾರೇನ್ರಿ ಅಕ್ಕಾ?"

"ನಾಲ್ಕು ಗಂಟೆಗೆ ಪೂಜೆ ನೋಡೋಕೆ ಬೀದಿ ಮಕ್ಕಳೆಲ್ಲಾ ಬರ್ತಾರೆ. ಎತ್ತಿ ಲಾಕರ್‌ನಲ್ಲಿಡಿ."

"ನಾ ಮುಂಜಾನಿಂದ ಅದನ್ನಽ ಹೇಳಾಕತ್ತೀನ್ರಿ," ಎಂದಳು ಅವನ ಹೆಂಡತಿ ಮಾಧುರಿ ಅಡುಗೆಮನೆಯಿಂದ.

"ಗುಂಡು ತುಂಬೂ ಮ್ಯಾಗಝೀನು ತಗದೀನಿ. ಅದರಾಗ ಗುಂಡಽ ಇಲ್ಲ." ಆಕಾಶ ಫೋನು ತೆಗೆದು ಒಂದು ವಾಟ್ಸಾಪ್ ಸಂದೇಶ ತೋರಿಸಿದ. "ಇಲ್ಲಿ ನೋಡ್ರಿ. ಮನ್ಯಾಗಿನ ಗನ್ನಿಗೆ ಬೀಗ ಹಾಕಂತ ಯಾರೂ ಹೇಳಂಗಿಲ್ಲಂತ. ಸುಪ್ರೀಂ ಕೋರ್ಟಽ ಹೇಳೇತಿ."

"ಅರ್ಧ ನಿಜ," ಎಂದಳು ರಂಜನಿ. "2008ರಲ್ಲಿ ವಾಷಿಂಗ್ಟನ್ ನಗರದ ಒಂದು ಕಾನೂನನ್ನ ಹೊಡೆದುಹಾಕಿದ್ರು. ಅಲ್ಲಿ ಗನ್ನಿಗೆ ಸದಾ ಬೀಗ ಇರಬೇಕಿತ್ತು, ಇಲ್ಲಾ ಬಿಚ್ಚಿಟ್ಟಿರಬೇಕಿತ್ತು. ಕಳ್ಳ ಎದುರಿಗೆ ನಿಂತ್ರೂ ತೆಗೆಯೋ ಹಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕಾನೂನು ಹಾಗಿಲ್ಲ. ಮೈಮೇಲಿದ್ರೆ ಬೀಗ ಬೇಡ, ಇಳಿಸಿಟ್ರೆ ಬೇಕು. ಅದರ ಮೇಲೂ ಕೇಸ್ ಹಾಕಿದ್ರು. ಕೆಳಗಿನ ಕೋರ್ಟು ಕಾನೂನು ಸರಿ ಅಂತು. ಸುಪ್ರೀಂ ಕೋರ್ಟಿಗೆ ಹೋದ್ರು. 2015ರಲ್ಲಿ ಕೋರ್ಟು ಆ ಕೇಸನ್ನ ಕೈಗೇ ತಗೊಳ್ಲಿಲ್ಲ."

"ಅಂದ್ರ ಬೀಗ ಸರಿ ಅಂತ ಹೇಳ್ತೇನು?"

"ಸರಿ ಅಂತಾನೂ ಹೇಳ್ಲಿಲ್ಲ, ತಪ್ಪು ಅಂತಾನೂ ಹೇಳ್ಲಿಲ್ಲ. ವರ್ಷಕ್ಕೆ ಸಾವಿರಾರು ಅರ್ಜಿ ಹೋಗುತ್ತೆ. ಕೇಳೋದು ಅರವತ್ತೋ ಎಪ್ಪತ್ತೋ. ಉಳಿದಿದ್ದಕ್ಕೆ ಒಂದು ಸಾಲು, ಅಷ್ಟೇ. ಬಹಳ ಸಲ ಕಾರಣಾನೂ ಇರಲ್ಲ. ಆಗ ಕೆಳಗಿನ ಕೋರ್ಟಿನ ತೀರ್ಪೇ ಉಳಿಯುತ್ತೆ. ಮುಂದೆ ಯಾವತ್ತೋ ಬೇರೆ ಥರ ಹೇಳ್ಬಹುದು. ಅಲ್ಲೀತನಕ ಇಲ್ಲಿನ ಕಾನೂನು ಕಾನೂನೇ. ನಮ್ಮ ರಾಜ್ಯದಲ್ಲಿ ಮಗು ಕೈಗೆ ಸಿಗೋ ಹಾಗಿಟ್ಟು ಏನಾದ್ರೂ ಆದ್ರೆ ಜೈಲೇ."

"ನೀವೊಬ್ರು, ಅಕ್ಕಾ! ಹಬ್ಬದ ದಿನ ಜೈಲು ಅಂತೀರಿ."

ಅಷ್ಟರಲ್ಲಿ ಆಕಾಶನ ಐದು ವರ್ಷದ ಮಗಳು ನಿಹಾರಿಕಾ ಬಂದು ಕೋಸಂಬರಿಗೆ ಕೈ ಚಾಚಿದಳು. ತೋರುಬೆರಳ ತುದಿ ಕೆಂಪಗಿತ್ತು.

"ಇದೇನು ಪುಟ್ಟಿ?"

"ಐ ಡಿಡ್ ಪೂಜಾ ಟೂ."

ರಂಜನಿ ತಟ್ಟೆಯ ಕಡೆ ನೋಡಿ, ದಾನವ್ವನತ್ತ ತಿರುಗಿದಳು. "ಅಮ್ಮಾ, ನೀವು ಎಷ್ಟು ಬೊಟ್ಟು ಇಟ್ರಿ?"

"ಮೂರಽ ನಮ್ಮವ್ವಾ. ಯಾಕ?"

ಹಿಡಿಯ ಮೇಲೆ ಮೂರು ಬೊಟ್ಟುಗಳಿದ್ದವು. ನಾಲ್ಕನೆಯದು ಚಿಕ್ಕದು, ಕಡಲೆಕಾಳಿನಷ್ಟು. ಅದು ಕುದುರೆಯ ಮೇಲಿತ್ತು. ಒತ್ತಿದರೆ ಗುಂಡು ಹಾರುವ ಜಾಗದಲ್ಲಿ.

ಮಾಧುರಿ ಮಗಳನ್ನೆತ್ತಿ ಹಿಂದೆ ಸರಿದಳು. ಆಕಾಶ ಪಿಸ್ತೂಲನ್ನೆತ್ತಿ, ಜನರಿಲ್ಲದ ಗೋಡೆಯತ್ತ ತಿರುಗಿಸಿ, ಮೇಲಿನ ಭಾಗವನ್ನು ಹಿಂದಕ್ಕೆಳೆದ.

ಟಣ್ ಎಂದು ಒಂದು ಗುಂಡು ತಟ್ಟೆಗೆ ಬಿತ್ತು.

ಮ್ಯಾಗಝೀನು ತೆಗೆದಿದ್ದು ನಿಜ. ಅದಕ್ಕೂ ಮೊದಲೇ ನಳಿಗೆಯ ಬುಡದ ಗುಂಡು ಕೋಣೆಗೆ ಏರಿದ್ದ ಒಂದು ಗುಂಡು ಅಲ್ಲೇ ಉಳಿದಿತ್ತು.

"ಗುಂಡಿಲ್ಲ ಅಂದಿದ್ಯಲ್ಲೋ," ಎಂದರು ದಾನವ್ವ.

ಆಕಾಶ ಉತ್ತರಿಸಲಿಲ್ಲ. ಕೋರ್ಟಿನ ಮೌನಕ್ಕೆ ಯಾವ ಅರ್ಥವನ್ನೂ ಕಟ್ಟಲಾಗದು. ಅವನ ಮೌನಕ್ಕೆ ಒಂದೇ ಅರ್ಥವಿತ್ತು.

ದಾನವ್ವ ಮಣೆಯ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಿದರು. "ದೇವರಿಗೆ ನಾ ಹೇಳ್ತೀನಿ. ಒಯ್ದು ಒಳಗಿಡು."

"ಬನ್ನಿ ಹಂಚೂತನಕ ಕದಲಿಸಬಾರದಲ್ಲವ್ವಾ?"

"ಕೂಸು ಇದ್ರ ಬನ್ನಿ. ಇಡು ಅಂದ್ರ ಇಡು."

ಗುಂಡು ಒಂದು ಪೆಟ್ಟಿಗೆಗೆ, ಪಿಸ್ತೂಲು ಲಾಕರಿಗೆ ಹೋಯಿತು. ಬೀಗ ಬಿದ್ದ ಸದ್ದು ಕೇಳಿದ ಮೇಲೆ ದಾನವ್ವ ಲಾಕರಿನ ಬಾಗಿಲಿಗೆ ಮೂರು ಬೊಟ್ಟಿಟ್ಟು, ಚೆಂಡುಹೂ ಸಿಕ್ಕಿಸಿದರು. "ಈ ಮನ್ಯಾಗ ಇನ್ನ ಮ್ಯಾಲ ಖಂಡೇಪೂಜಿ ಈ ಬೀಗಕ್ಕ," ಎಂದರು. ಆಕಾಶ ಆ ವಾಟ್ಸಾಪ್ ಸಂದೇಶವನ್ನು ಅಳಿಸಿಹಾಕಿದ.

ನಿಮ್ಮ ಮನೆಯಲ್ಲೂ ಬಂದೂಕಿದ್ದರೆ, ಈ ಕತೆ ಪಕ್ಕಕ್ಕಿಟ್ಟು ಈಗಲೇ ಹೋಗಿ ನೋಡಿ. ಗುಂಡು ಕೋಣೆಯನ್ನು ಕಣ್ಣಾರೆ ನೋಡಿ, ನೆನಪನ್ನು ನಂಬಬೇಡಿ. ಬೀಗ ಹಾಕಿ. ಸುಪ್ರೀಂ ಕೋರ್ಟು ಹೀಗೆಂದಿತು ಎಂಬ ಸಂದೇಶ ಬಂದರೆ, ಯಾವ ಕೇಸು, ಯಾವ ಊರಿನ ಕಾನೂನು, ಕೋರ್ಟು ನಿಜಕ್ಕೂ ಏನಾದರೂ ಹೇಳಿತೇ ಎಂದು ತಿಳಿದವರನ್ನು ಕೇಳಿ. ಕೋರ್ಟು ಎಷ್ಟು ವರ್ಷ ಬೇಕಾದರೂ ಸುಮ್ಮನಿರಬಹುದು. ಮನೆಯ ಮಗು ಒಂದು ಮಧ್ಯಾಹ್ನವೂ ಸುಮ್ಮನಿರುವುದಿಲ್ಲ.